ನಿಷ್ಕರ್ಷಕ್ಕೆ ಎಟುಕದ ತೊಟ್ಟಿಲು

ಹೊನ್ನಿಗುಡ್ಡದ ಹಳೆಯ ಚಿನ್ನದ ಗಣಿಯ ತಳದಲ್ಲಿದ್ದ ಯಂತ್ರವು ತನ್ನ ಮೊದಲನೆಯ ಧರ್ಮಪ್ರಮೇಯವನ್ನು ಸಾಧಿಸಿದ ದಿನ ಗಣಿಯ ಬಾಯಲ್ಲಿ ಕಂಡಕಂಡವರಿಗೆಲ್ಲ ಪೇಢೆ ಹಂಚಿದರು. ಹಂಚಿದವನು ಎಂಜಿನಿಯರ್ ದಾವಲಸಾಬ. ಅವನು ಅಂದಾನಯ್ಯನವರ ಎದುರಿಗೆ ಬಂದು, "ಬಾಯಿ ತೆರೀರಿ ಅಯ್ಯಾರ. ಇವತ್ತ ಸಕ್ಕರಿ ಗಿಕ್ಕರಿ ಅಂತ ನೆವ ಹೇಳೂ ಹಂಗಿಲ್ಲ" ಎಂದು ತನ್ನ ಕೈಯಿಂದಲೇ ಅವರ ಬಾಯಿಗೆ ಒಂದನ್ನು ಹಾಕಿದನು.

ಯಂತ್ರವು ಸಾಧಿಸಿದ ಮಾತು ಇಷ್ಟೇ: ಕಾರಣವಿಲ್ಲದೆ, ಬರಿಯ ಮೋಜಿಗಾಗಿ ಇನ್ನೊಬ್ಬರನ್ನು ನೋಯಿಸುವುದು ತಪ್ಪು.

ಹಾಲಿನ ಕ್ಯಾನು ಹೊತ್ತು ಬಂದಿದ್ದ ದುರಗವ್ವ ಪೇಢೆಯನ್ನು ಸೆರಗಿಗೆ ಕಟ್ಟಿಕೊಳ್ಳುತ್ತ, "ಇಷ್ಟ ಹೇಳಾಕ ಪಾತಾಳಕ್ಕ ಇಳೀಬೇಕಿತ್ತೇನ್ರಿ? ನಮ್ಮವ್ವ ಒಲಿ ಮುಂದ ಕುಂತ ಹೇಳತಿದ್ಲು" ಎಂದಳು.

ಯಂತ್ರವನ್ನು ಕಟ್ಟಿದ ಡಾಕ್ಟರ್ ಮೈತ್ರೇಯಿ ಕಟ್ಟಿ ಅವರಿಗೆ ಸಿಟ್ಟು ಬರಲಿಲ್ಲ; ಅವರೂ ನಕ್ಕರು. "ನಿಮ್ಮವ್ವ ಹೇಳಿದ್ದು ಖರೇ ಅದ ಅಂತ ಇವತ್ತ ಸಾಬೀತಾತು, ದುರಗವ್ವ. ಇನ್ನ ಯಾವ ರಾಜಾ ಬಂದ್ರೂ ಅಲ್ಲ ಅನ್ನೂ ಹಂಗಿಲ್ಲ."

ಯಂತ್ರದ ಹೆಸರು ನಿಷ್ಕರ್ಷ. ಅದರ ಹಿಂದೆ ಇದ್ದುದು ಒಂದೇ ಪ್ರಶ್ನೆ. ತ್ರಿಕೋನದ ಗುಣಗಳನ್ನು ತಿಳಿಯಲು ಊರೂರು ತಿರುಗಿ ತ್ರಿಕೋನಗಳನ್ನು ಅಳೆಯಬೇಕಾಗಿಲ್ಲ. ತ್ರಿಕೋನವೆಂದರೆ ಏನೆಂದು ಬಲ್ಲವನು ಕಣ್ಣು ಮುಚ್ಚಿಯೂ ಅವನ್ನು ಕಾಣಬಲ್ಲನು. ಹಾಗಾದರೆ ಒಳಿತು, ಕೆಡುಕು, ದಯೆ, ಹಕ್ಕು, ಕೊಟ್ಟ ಮಾತು ಎಂಬಿವುಗಳ ಅರ್ಥವನ್ನು ಪೂರ್ತಿಯಾಗಿ ಬಲ್ಲವನು, ಜಗತ್ತನ್ನು ಒಮ್ಮೆಯೂ ನೋಡದೆ, ಧರ್ಮವನ್ನು ಕಾಣಬಲ್ಲನೆ? ಮನುಷ್ಯರನ್ನು ಕೇಳಿ ಫಲವಿಲ್ಲ. ಅವರು ಆಗಲೇ ಜಗತ್ತನ್ನು ನೋಡಿಬಿಟ್ಟಿರುತ್ತಾರೆ. ಆದ್ದರಿಂದ ಯಂತ್ರ. ಮೇಲಿನ ಲೋಕದ ಸುದ್ದಿ ಕಿವಿಗೆ ಬಿದ್ದರೆ ಅದು ಜನ ಮಾಡುವುದನ್ನೇ ಸರಿಯೆಂದು ಕಲಿತುಬಿಟ್ಟೀತೆಂದು ಹೆದರಿ, ಅದನ್ನು ಗಣಿಯ ತಳದ ಕಲ್ಲುಕೋಣೆಯಲ್ಲಿ ಕೂರಿಸಿದ್ದರು. ರೇಡಿಯೋ ಅಲೆಯೂ ಅಲ್ಲಿಗೆ ಇಳಿಯದು. ಅದರ ಹೊಟ್ಟೆಯಲ್ಲಿ ಒಂದೊಂದು ಪದವೂ ಒಂದೊಂದು ಗಂಟು. ಇದಿಲ್ಲದೆ ಅದಿಲ್ಲ ಎನ್ನುವ ಗಂಟುಗಳ ನಡುವೆ ಒಂದೊಂದು ಎಳೆ. ಪ್ರಶ್ನೆ ಬಂದಾಗ ಅದು ಒಂದು ಗಂಟನ್ನು ಜಗ್ಗಿ ಯಾವುದು ಹಿಂದೆ ಬರುತ್ತದೆಂದು ನೋಡುವುದು. ಎರಡು ಎಳೆಗಳು ಎದುರುಬದುರಾಗಿ ಜಗ್ಗಿದರೆ ಅಲ್ಲಿ ಸುಳ್ಳಿದೆಯೆಂದು ತಿಳಿಯುವುದು.

ಈ ಎಳೆಗಳನ್ನು ಹೆಣೆದುಕೊಟ್ಟವರು ಅಂದಾನಯ್ಯನವರು. ಆಯುಷ್ಯವೆಲ್ಲ ನಿಘಂಟಿನ ಕೆಲಸ ಮಾಡಿ ನಿವೃತ್ತರಾಗಿ, ಗಣಿಯ ಊರಿನಲ್ಲಿ ಮಗನ ಸಂಸಾರದೊಡನೆ ಇದ್ದವರನ್ನು ಮೈತ್ರೇಯಿಯವರೇ ಹುಡುಕಿಕೊಂಡು ಬಂದಿದ್ದರು. ಹೋದ ಶ್ರಾವಣದಲ್ಲಿ ಹೆಂಡತಿ ಬಸಲಿಂಗಮ್ಮ ಲಿಂಗೈಕ್ಯರಾದ ಮೇಲೆ ಅಯ್ಯನವರಿಗೆ ಆ ಕೆಲಸವೇ ಆಸರೆ. ಬೆಳಗಿನ ಪೂಜೆಗೆ ಕೂಡುವಾಗ ಅವರ ಕೈ ಇನ್ನೂ ಎರಡು ಮಣೆ ಹಾಕುತ್ತಿತ್ತು. ಹಾಕಿದ ಮೇಲೆ ನೆನಪಾಗುತ್ತಿತ್ತು. ನೆನಪಾದ ಮೇಲೂ ಅವರು ಎರಡನೆಯದನ್ನು ತೆಗೆಯುತ್ತಿರಲಿಲ್ಲ. ಅಂಗೈಯ ಲಿಂಗದ ಮೇಲೆ ಕಣ್ಣು ನೆಟ್ಟು, ಪಕ್ಕದಲ್ಲಿ ಯಾರೋ ಕುಳಿತಿದ್ದಾರೆಂಬಂತೆ ಪೂಜೆ ಮುಗಿಸುತ್ತಿದ್ದರು.

ಪೇಢೆಯ ಸಿಹಿ ಬಾಯಲ್ಲಿರುವಾಗಲೇ ಮನೆಗೆ ಬಂದರೆ, ಸೊಸೆ ವಿದ್ಯಾವತಿ ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕುತ್ತಿದ್ದಳು. ಹೆಣ್ಣುಕೂಸು, ಹುಟ್ಟಿ ಇನ್ನೂ ವಾರವಾಗಿರಲಿಲ್ಲ.

"ಮಾವಾರ, ತೊಟ್ಟಿಲ ಕಾರ್ಯಕ್ಕ ನೀಲಕ್ಕತ್ತಿಗೆ ಹೇಳಿ ಕಳಸ್ರಿ" ಎಂದಳು ಅವಳು, ಕತ್ತೆತ್ತದೆ. "ಕೂಸಿನ ಕಿವ್ಯಾಗ ಹೆಸರು ಕರೀಲಿಕ್ಕೆ ಸೋದರತ್ತಿ ಬೇಕು. ಇವರಿಗೆ ಅಕ್ಕತಂಗೇರಿಲ್ಲ. ಇದ್ದಾಕಿ ನಿಮ್ಮಕ್ಕ ಒಬ್ಬಾಕಿ."

ಅಂದಾನಯ್ಯನವರ ಬಾಯಲ್ಲಿದ್ದ ಸಿಹಿ ಹೋಯಿತು.

ಅಕ್ಕನಿಗೂ ಹೆಂಡತಿಗೂ ನಡುವಿನ ಜಗಳ ಅವರ ಮಗನಷ್ಟೇ ಹಳೆಯದು. ಮಗ ಹುಟ್ಟಿದಾಗ ಬಸಲಿಂಗಮ್ಮ ತಮ್ಮ ತಂದೆಯ ಹೆಸರು ಶರಣಯ್ಯ ಎಂದಿಡಬೇಕೆಂದು ಎಲ್ಲರಿಗೂ ಹೇಳಿದ್ದರು. ತೊಟ್ಟಿಲ ದಿನ ಸೋದರತ್ತೆಯಾದ ನೀಲಮ್ಮ ಬಗ್ಗಿ, ಕೂಸಿನ ಕಿವಿಯಲ್ಲಿ, ಊರೆಲ್ಲ ಕೇಳುವಂತೆ, ತನ್ನ ತಂದೆಯ ಹೆಸರು ವಿರೂಪಾಕ್ಷಯ್ಯ ಎಂದು ಕರೆದುಬಿಟ್ಟರು. ಕಿವಿಗೆ ಬಿದ್ದ ಹೆಸರನ್ನು ಹಿಂದಕ್ಕೆ ತೆಗೆಯುವ ರೂಢಿಯಿಲ್ಲ. ಹುಡುಗ ಶಾಲೆಯಲ್ಲಿ ವಿರೂಪಾಕ್ಷನಾದನು. ತಾಯಿಯ ಬಾಯಲ್ಲಿ ಕೊನೆಯವರೆಗೂ ಶರಣ್ಯಾ ಆಗಿಯೇ ಉಳಿದನು. ಅತ್ತಿಗೆ ನಾದಿನಿಯರು ಅಂದಿನಿಂದ ಒಬ್ಬರ ಹೊಸ್ತಿಲನ್ನು ಒಬ್ಬರು ತುಳಿಯಲಿಲ್ಲ. ಬಸಲಿಂಗಮ್ಮ ಹಾಸಿಗೆ ಹಿಡಿದಾಗ ಗಂಡನ ಕೈ ಹಿಡಿದು, "ನನ್ನ ಮೊಮ್ಮಕ್ಕಳ ತೊಟ್ಟಿಲಿಗೆ ನಿಮ್ಮಕ್ಕನ ಕೈ ಹತ್ತಬಾರದು. ಮಾತು ಕೊಡ್ರಿ" ಎಂದಿದ್ದರು. ಅಂದಾನಯ್ಯನವರು ಕೊಟ್ಟಿದ್ದರು.

"ನಿನಗ ಗೊತ್ತೈತೆಲ್ಲವಾ" ಎಂದರು ಅವರು ಸೊಸೆಗೆ.

"ಗೊತ್ತೈತ್ರಿ. ಅತ್ತಿಯವರ ಮ್ಯಾಲೆ ನನಗೂ ಜೀವ ಇತ್ತು. ಆದ್ರ ನೀಲಕ್ಕತ್ತಿ ಫೋನ್ ಮಾಡಿ, ಕೂಸಿಂದು ಮೂಗು ಯಾರಂಗೈತಿ ಅಂತ ಕೇಳಿ, ಹೇಳೂದ್ರಾಗ ಅಳಾಕ ಹತ್ತಿದ್ರು. ಅವ್ರಿಗೂ ವಯಸ್ಸಾತು, ಮಾವಾರ. ಇದೊಂದ ತೊಟ್ಟಿಲು ಅವ್ರ ಪಾಲಿಗೆ ಉಳದದ್ದು."

ಅಂದಾನಯ್ಯನವರು ನುಡಿದಂತೆ ನಡೆದವರು. ಬೇರೆ ಯಾರಿಗಾದರೂ ಕೊಟ್ಟ ಮಾತಾಗಿದ್ದರೆ ಹೋಗಿ ಕೈಮುಗಿದು ಬಿಡಿಸಿಕೊಂಡು ಬರಬಹುದಿತ್ತು. ಇದನ್ನು ಬಿಡಿಸಿಕೊಳ್ಳಲು ಎಲ್ಲಿಗೆ ಹೋಗುವುದು? ಪೂಜೆಗೆ ಕುಳಿತಾಗ ಶಿವನನ್ನು ಕೇಳಿದರು. ಶಿವನು ಎಂದಿನಂತೆ ಸುಮ್ಮನಿದ್ದನು. ಕೊನೆಗೆ, ತಾವೇ ಎಳೆ ಹೆಣೆದ ಯಂತ್ರವನ್ನು ಕೇಳುವುದೆಂದು ನಿಶ್ಚಯಿಸಿದರು.

ಮೈತ್ರೇಯಿಯವರಿಗೆ ಇದು ಸಂತೋಷದ ಸುದ್ದಿ. ಯಂತ್ರವನ್ನು ಪರೀಕ್ಷಿಸಲು ಬರಲಿದ್ದ ಸಮಿತಿಯವರು, ದೊಡ್ಡ ದೊಡ್ಡ ಸೂತ್ರಗಳು ಸಾಲವು, ಬದುಕಿನಿಂದ ಎತ್ತಿದ ಒಂದು ಪ್ರಶ್ನೆಗೆ ಉತ್ತರ ಕಾಣಬೇಕು ಎಂದಿದ್ದರು. "ಹೆಸರು, ಊರು, ಸಂಬಂಧ ಏನೂ ಹಾಕಬ್ಯಾಡ್ರಿ" ಎಂದು ಮಾತ್ರ ಅವರು ಎಚ್ಚರಿಸಿದರು. "ಪ್ರಶ್ನೆದ ಹಂದರ ಅಷ್ಟ ಇರ್ಲಿ."

ದಾವಲಸಾಬನೂ ಸೇರಿ ಮೂವರೂ ಉಕ್ಕಿನ ಹಗ್ಗಕ್ಕೆ ತೂಗುವ ತೊಟ್ಟಿಯಲ್ಲಿ ಕುಳಿತು ಗಣಿಗೆ ಇಳಿದರು. ಕಲ್ಲುಕೋಣೆಯ ಹೊರಗಿನ ನಿಯಂತ್ರಣ ಕೊಠಡಿಯಲ್ಲಿ ಅಂದಾನಯ್ಯನವರು ಕೀಲಿಮಣೆಯ ಮುಂದೆ ಕುಳಿತು ಹೀಗೆ ಬರೆದರು: ಒಬ್ಬನು ಮಾತು ಕೊಟ್ಟನು. ಮಾತು ಪಡೆದವಳು ಅವನನ್ನು ಬಿಡುಗಡೆ ಮಾಡದೆ ತೀರಿಕೊಂಡಳು. ಅವನು ಆ ಮಾತನ್ನು ಮೀರಬಹುದೇ?

ಗೋಡೆಯ ಆಚೆ ಜೇನುಹುಳದಂಥ ಸದ್ದು ಎದ್ದು ನಿಂತಿತು. ಪರದೆಯ ಮೇಲೆ ಉತ್ತರ ಮೂಡಿತು.

ಮೀರಬಾರದು. ಮಾತು ಕೊಡುವುದೆಂದರೆ ತನ್ನ ಇಚ್ಛೆಯನ್ನು ಇನ್ನೊಬ್ಬರ ಕೈಗೆ ಒಪ್ಪಿಸುವುದು. ಒಪ್ಪಿಸಿಕೊಂಡವರು ಮಾತ್ರ ಅದನ್ನು ಹಿಂದಕ್ಕೆ ಕೊಡಬಲ್ಲರು. ಅವರು ಕೊಡದೆ ಹೋದರೆ ಅದು ಅವರದೇ.

"ಎಷ್ಟು ಸ್ವಚ್ಛ ಅದ ನೋಡ್ರಿ!" ಎಂದರು ಮೈತ್ರೇಯಿ. ಆಮೇಲೆ ಅಂದಾನಯ್ಯನವರ ಮುಖ ನೋಡಿ ಪರದೆಯನ್ನು ಆರಿಸಿದರು.

ಅಂದು ಸಂಜೆ ಅಯ್ಯನವರು ಸೊಸೆಗೆ ಯಂತ್ರದ ತೀರ್ಪು ಹೇಳಿದರು. ಅವಳು, "ಮಾವಾರ, ಅದಕ್ಕ ತೊಟ್ಟಿಲು ಅಂದ್ರ ಗೊತ್ತೈತೇನ್ರಿ?" ಎಂದಳು.

"ಗೊತ್ತೈತಿ. ಕೂಸನ್ನ ಮಲಗಿಸಿ ತೂಗುವ ಸಾಧನ ಅಂತ ನಾನ ಬರದೀನಿ."

"ಹಂಗಾದ್ರ ಒಂದ ರಾತ್ರಿ ನಿಮ್ಮ ಮೊಮ್ಮಗಳನ್ನ ಅದರ ಹತ್ರ ಬಿಟ್ಟ ಬರ್ರಿ. ಸಾಧನ ತೂಗತೈತಿ, ನಾನರ ಕಣ್ಣ ತುಂಬ ನಿದ್ದಿ ಮಾಡತೀನಿ."

ಅಡುಗೆಮನೆಯಿಂದ ವಿರೂಪಾಕ್ಷ ನಕ್ಕ ಸದ್ದು ಕೇಳಿತು. ಬಾಣಂತಿಗೆಂದು ಅಂಟಿನುಂಡಿ ಕಟ್ಟಲು ಕುಳಿತು, ಕಟ್ಟಿದ್ದಕ್ಕಿಂತ ಹೆಚ್ಚು ತಾನೇ ತಿನ್ನುತ್ತಿದ್ದನು. ಅಂದಾನಯ್ಯನವರೂ ನಗಲು ನೋಡಿದರು, ಆಗಲಿಲ್ಲ.

ಮರುದಿನ ಅವರು ಗಣಿಗೆ ಹೋದದ್ದು ಉತ್ತರಕ್ಕಾಗಿ ಅಲ್ಲ, ಉತ್ತರದ ಮೆಟ್ಟಿಲುಗಳನ್ನು ನೋಡಲು. ಯಂತ್ರವು ಯಾವ ಗಂಟಿನಿಂದ ಯಾವ ಗಂಟಿಗೆ ಹೋಯಿತೆಂಬುದನ್ನು ದಾವಲಸಾಬ ಒಂದೊಂದಾಗಿ ಪರದೆಯ ಮೇಲೆ ತಂದನು. ಎಲ್ಲ ಸರಿಯಾಗಿತ್ತು. ಒಂದು ಮೆಟ್ಟಿಲ ಮೇಲೆ ಮಾತ್ರ ಅವನ ಬೆರಳು ನಿಂತಿತು.

"ಅಯ್ಯಾರ, ಇದನ್ನ ಯಂತ್ರ ಕಂಡ ಹಿಡದಿಲ್ಲ. ಬಿಡುಗಡೆ ಮಾಡದೆ ತೀರಿಕೊಂಡಳು. ಇದನ್ನ ನೀವು ಹಾಕೀರಿ."

"ಖರೇನ ಐತೆಲ್ಲಪ್ಪಾ. ಆಕಿ ಬಿಟ್ಟೆ ಅಂತ ಹೇಳಲಿಲ್ಲ."

"ಬಾಯಿಲೆ ಹೇಳಲಿಲ್ಲ. ಯಾವ ಸಲುವಾಗಿ ಮಾತು ತಗೊಂಡ್ರು, ಏನಾದ್ರ ಬಿಡತಿದ್ರು, ಅದೆಲ್ಲ ಇದ್ರಾಗ ಎಲ್ಲೈತ್ರಿ? ನೀವು ಬಾಗಲಾ ಹಾಕಿ ಚಿಲಕಾ ಜಡದು, ಆಮ್ಯಾಲೆ ಯಂತ್ರಕ್ಕ ಬಾಗಲಾ ತೆರದೈತೇನು ಅಂತ ಕೇಳೀರಿ."

ಅಂದಾನಯ್ಯನವರು ತಮ್ಮ ವಾಕ್ಯವನ್ನು ಮತ್ತೊಮ್ಮೆ ಓದಿದರು. ಜೀವನವೆಲ್ಲ ಬೇರೆಯವರ ವಾಕ್ಯಗಳಿಂದ ಹೆಚ್ಚಿನ ಪದ ಹೊಡೆದುಹಾಕಿದವರು, ತಮ್ಮ ಒಂದು ವಾಕ್ಯದಲ್ಲಿ ತಮ್ಮ ದುಃಖವನ್ನೇ ಸೇರಿಸಿಬಿಟ್ಟಿದ್ದರು. ಆಕೆ ಹೋದಳು, ಇನ್ನು ಏನೂ ಬದಲಾಗುವುದಿಲ್ಲ ಎಂಬ ದುಃಖ. ಅವರು ಆ ಮಾತನ್ನು ಅಳಿಸಿದರು. ಒಬ್ಬನು ಮಾತು ಕೊಟ್ಟನು. ಪಡೆದವಳು ತೀರಿಕೊಂಡಳು. ಅವನು ಮೀರಬಹುದೇ?

ಈ ಸಲ ಗೋಡೆಯಾಚೆಯ ಸದ್ದು ನಿಲ್ಲಲೇ ಇಲ್ಲ. ಮೈತ್ರೇಯಿಯವರು ಚಹದ ಲೋಟ ಹಿಡಿದುಕೊಂಡೇ ಬಂದು ನಿಂತರು. ಚಹ ಆರಿಹೋಯಿತು. ಆಮೇಲೆ ಪರದೆಯ ಮೇಲೆ ಅಕ್ಷರಗಳು ಬಂದವು.

ತಿಳಿಯದು. ಮಾತು ಎಂಬುದರಲ್ಲಿ ಇರುವುದನ್ನೆಲ್ಲ ನೋಡಿದೆ, ಉತ್ತರ ಅದರಲ್ಲಿಲ್ಲ. ಮಾತು ಪಡೆದವಳಲ್ಲಿ ಇದೆ. ಆಕೆ ಯಾರು?

ಯಂತ್ರವು ತಿಳಿಯದು ಎಂದದ್ದು ಅದೇ ಮೊದಲು. ಪ್ರಶ್ನೆ ಕೇಳಿದ್ದೂ ಅದೇ ಮೊದಲು.

ಅಂದಾನಯ್ಯನವರ ಕೈ ತಾನಾಗಿ ಕೀಲಿಮಣೆಯ ಮೇಲೆ ಹೋಯಿತು. ಆಕೆ ಯಾರು? ಹೇಳಲು ಎಷ್ಟಿತ್ತು! ಯಾರೂ ಅವರನ್ನು ಹೀಗೆ ಕೇಳಿರಲಿಲ್ಲ. ಬಂದವರೆಲ್ಲ ಸಮಾಧಾನ ಹೇಳಿ ಹೋಗಿದ್ದರು. ಮೈತ್ರೇಯಿಯವರು ಮೆಲ್ಲಗೆ ಅವರ ಮಣಿಕಟ್ಟು ಹಿಡಿದರು.

"ಬ್ಯಾಡ್ರಿ, ಸರ್. ಒಂದು ಹೆಸರು ಹೋದ್ರೂ ಅದು ಜಗತ್ತು ಕಂಡಂಗ." ಅವರ ಕಣ್ಣು ಹೊಳೆಯುತ್ತಿತ್ತು. "ನೋಡ್ರಿ, ಏನ ಮಾಡ್ಯದ ಇದು! ತನ್ನ ಬೇಲಿ ಎಲ್ಲಿ ಅದ ಅಂತ ತಾನ ಕಂಡ ಹಿಡದದ. ಸಮಿತಿಯವರಿಗೆ ಇದಕ್ಕಿಂತಾ ದೊಡ್ಡದು ಏನ ತೋರಿಸ್ಲಿ?"

"ಅಂದ್ರ ಪದದಿಂದ ಧರ್ಮ ತಿಳಿಯೂದಿಲ್ಲ ಅಂತ ಆತಲ್ಲ, ಮೇಡಮ್ಮಾರ" ಎಂದನು ದಾವಲಸಾಬ.

"ಯಾಕ ಆಗ್ತದ? ಸೂತ್ರ ಪದದಿಂದನ ತಿಳೀತು. ಬಿಡೂ ಅಧಿಕಾರ ಪಡೆದವರದು, ಅದು ಎಂದಿಗೂ ಸುಳ್ಳಾಗೂದಿಲ್ಲ. ಕಡಿಮಿ ಇರೂದು ಒಂದು ಸಂಗತಿ ಅಷ್ಟ. ಹೊಲದ ಲೆಕ್ಕಕ್ಕ ಒಂದು ಬದಿ ಅಳತಿ ಬೇಕಾಗೂ ಹಂಗ."

ಅಂದಾನಯ್ಯನವರು ಯೋಚಿಸಿ ನುಡಿದರು: "ಹೊಲ ಅಳೀಲಿಕ್ಕೆ ಹಗ್ಗ ಹಿಡಕೊಂಡ ಯಾರು ಹೋದ್ರೂ ಆಗತೈತಿ, ತಾಯೀ. ಬಸಲಿಂಗಿ ಮನಸ್ಸು ಅಳೀಲಿಕ್ಕೆ ಆಕಿ ಜೋಡಿ ಬದಕಿದವ್ರ ಬೇಕು. ಜೀವಾ ಇಟ್ಟವ್ರಿಗೆ ಅಷ್ಟ ಸಿಗೂ ಅಳತಿ ಅದು. ಅದನ್ನ ಬರೀ ಸಂಗತಿ ಅಂತ ಬರೀಲಿಕ್ಕೆ ನನ್ನ ಕೈ ಬರೂದಿಲ್ಲ."

ಮೈತ್ರೇಯಿ ಒಪ್ಪಲಿಲ್ಲ. ಮೇಲಕ್ಕೆ ಬರುವ ತನಕ ತೊಟ್ಟಿಯಲ್ಲಿ ಏನನ್ನೋ ಲೆಕ್ಕ ಹಾಕುತ್ತ ನಿಂತಿದ್ದರು.

ಮನೆಗೆ ನಡೆಯುವಾಗ ಅಯ್ಯನವರ ಮನಸ್ಸು ಹಗುರಾಗಿ ಹಾರತೊಡಗಿತು. ಬಸಲಿಂಗಿ ಬಿಡುತ್ತಿದ್ದಳು, ಖಂಡಿತ ಬಿಡುತ್ತಿದ್ದಳು! ವರ್ಷವರ್ಷವೂ ಪಂಚಮಿಗೆ ಬೆಲ್ಲ ಕಡಿಮೆ ಹಾಕಿ ಬೇರೆಯಾಗಿ ಉಂಡಿ ಕಟ್ಟುತ್ತಿದ್ದವಳು ಯಾರಿಗಾಗಿ ಕಟ್ಟುತ್ತಿದ್ದಳು? ನೀಲಕ್ಕನಿಗೆ ಸಕ್ಕರೆ ಕಾಯಿಲೆ ಬಂದಂದಿನಿಂದ ಆ ಬೇರೆ ಡಬ್ಬಿ ತಪ್ಪಿರಲಿಲ್ಲ. "ನಾ ಕೊಟ್ಟೆ ಅಂತ ಬಾಯಿ ಬಿಟ್ರ ನೋಡ್ರಿ ಮತ್ತ" ಎಂದು ಗಂಡನ ಕೈಯಲ್ಲೇ ಕಳಿಸುತ್ತಿದ್ದಳು. ಹಾಗೆ ಎಣಿಸಿ ಹರ್ಷಿಸಿದವರು, ಹನುಮಪ್ಪನ ಕಟ್ಟೆಯ ಬಳಿ ಬರುವಷ್ಟರಲ್ಲಿ ಗಕ್ಕನೆ ನಿಂತರು. ಇದು ಬಸಲಿಂಗಿಯ ಮನಸ್ಸೋ, ಅವಳ ದನಿಯಲ್ಲಿ ಮಾತಾಡುವ ತನ್ನ ಆಸೆಯೋ? ಸತ್ತವರ ಬಾಯಿಗೆ ತಮಗೆ ಬೇಕಾದ ಮಾತು ಹಾಕುವುದಕ್ಕಿಂತ ಸುಲಭವಾದ ಸುಳ್ಳು ಯಾವುದು? ಬಿಟ್ಟಳೆಂದು ತಾನೇ ತೀರ್ಮಾನಿಸಿದರೆ, ಬಿಡಲಿಲ್ಲವೆಂದು ತೀರ್ಮಾನಿಸಿದಷ್ಟೇ ತಪ್ಪು.

ಬಸಲಿಂಗಮ್ಮನನ್ನು ತಮ್ಮಷ್ಟೇ ಬಲ್ಲವರು ಇನ್ನು ಯಾರಿದ್ದಾರೆ? ಒಬ್ಬಳಿದ್ದಳು. ಅಷ್ಟು ಕಾಲ ಬಿಡದೆ ಜಗಳವಾಡಿದವಳು.

ಮರುದಿನ ಅವರು ಬಸ್ಸು ಹಿಡಿದು ಅಕ್ಕನ ಊರಿಗೆ ಹೋದರು. ನೀಲಮ್ಮ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದರು. ತಮ್ಮನನ್ನು ಕಂಡು ಮೊರ ಕೆಳಗಿಟ್ಟರು.

"ಬಾರೋ ತಮ್ಮಾ. ಮೊಮ್ಮಗಳು ಬಂದ್ಲಂತ. ಮೂಗು ನಮ್ಮಪ್ಪಂದಂತ."

"ಮೂಗು ಇರ್ಲಿ. ಅಕ್ಕಾ, ಒಂದ ಮಾತು ಕೇಳತೀನಿ. ನಿನಗ ಲಾಭ ಆಗೂ ಹಂಗ ಹೇಳಬ್ಯಾಡ. ಖರೇ ಹೇಳು." ಅವರು ಎಲ್ಲವನ್ನೂ ಹೇಳಿದರು: ಕೊಟ್ಟ ಮಾತು, ಯಂತ್ರ, ಅಳಿಸಿದ ವಾಕ್ಯ, ಅದು ಕೇಳಿದ ಪ್ರಶ್ನೆ. "ಆಕಿ ಇದ್ದಿದ್ರ, ನಿನ್ನ ತೊಟ್ಟಿಲ ಹತ್ರ ಬಿಡತಿದ್ಲೋ ಇಲ್ಲೋ?"

ನೀಲಮ್ಮ ಬಹಳ ಹೊತ್ತು ಜೋಳದಲ್ಲಿ ಬೆರಳಾಡಿಸಿದರು. ಹೌದು ಎಂಬ ಒಂದು ಮಾತು ಅವರನ್ನು ಆ ಕೂಸಿನ ಬಳಿಗೆ ಒಯ್ಯುತ್ತಿತ್ತು.

"ಇಲ್ಲೋ ತಮ್ಮಾ" ಎಂದರು. "ಬಿಡತಿರಲಿಲ್ಲ."

ಅಂದಾನಯ್ಯನವರು ಕಣ್ಣು ಮುಚ್ಚಿಕೊಂಡರು.

"ಉಂಡಿ ಕಳಸತಿದ್ಲು, ಖರೆ. ನನಗೇನ ಗೊತ್ತಾಗೂದಿಲ್ಲೇನು, ನೀ ಅಂಗಡ್ಯಾಗ ತಂದೆ ಅಂದ್ರ? ಅಂಗಡ್ಯಾವ್ರು ಬೆಲ್ಲಾ ಕಡಿಮಿ ಹಾಕತಾರ? ಆದ್ರ ಉಂಡಿನ ಬ್ಯಾರೆ, ತೊಟ್ಟಿಲಾನ ಬ್ಯಾರೆ. ಆಕಿ ಸಿಟ್ಟು ನನ್ನ ಮ್ಯಾಲೆ ಅಲ್ಲೋ. ಹಡದಾಕಿ ಅಲ್ಲೇ ಕುಂತಿರತಾಳ, ಆಕೀನ ಒಂದ ಮಾತು ಕೇಳದ ಹೆಸರು ಕರದ್ನೆಲ್ಲ, ಅದಕ್ಕ. ಕೇಳಿ ಕರೀತೀನಿ, ತಪ್ಪಾತು ಅಂತ ಎಂದರ ಒಂದಿನ ಆಕಿ ಮುಂದ ಹೋಗಿ ನಿಂತಿದ್ರ, ಅದ ಗಳಿಗ್ಯಾಗ ಒಳಗ ಕರದು ಮಣಿ ಹಾಕತಿದ್ಲು. ನನ್ನ ಕಾಲು ಏಳಲಿಲ್ಲ. ಆಕಿ ಒಂದ ಹೆಜ್ಜಿ ಬರ್ಲಿ ಅಂತ ನಾ, ನಾ ಒಂದ ಹೆಜ್ಜಿ ಬರ್ಲಿ ಅಂತ ಆಕಿ."

"ಈಗ ನಿಲ್ಲತೀಯೇನು?"

"ಎಲ್ಲಿ ನಿಲ್ಲಲೋ ಹುಚ್ಚಾ? ಆಕಿ ಎಲ್ಲಿದಾಳ?"

"ಹೊಲದಾಗ" ಎಂದರು ಅಂದಾನಯ್ಯನವರು. "ಹುಣಸಿ ಮರದ ಬುಡಕ ಸಮಾಧಿ ಐತಿ. ನಡಿ."

ತೊಟ್ಟಿಲ ದಿನ ಬೆಳಿಗ್ಗೆ ನೀಲಮ್ಮ ಮನೆಗೆ ಬರುವ ಮೊದಲು ಹೊಲಕ್ಕೆ ಹೋದರು. ಸಮಾಧಿಗೆ ನೀರು ಹಾಕಿ, ವಿಭೂತಿ ಹಚ್ಚಿ, ಹೂ ಏರಿಸಿದರು. ಅಂದಾನಯ್ಯನವರು ದೂರ ಬದುವಿನ ಮೇಲೆ ನಿಂತಿದ್ದರು. ಅಕ್ಕ ಏನು ಹೇಳಿದಳೆಂದು ಅವರಿಗೆ ಕೇಳಿಸಲಿಲ್ಲ. ಕೇಳಿಸಿಕೊಳ್ಳಲೂಬಾರದೆಂದು ಬಿಳಿಮೋಡಗಳನ್ನು ನೋಡುತ್ತ ನಿಂತರು. ಕ್ಷಮೆ ಸಿಕ್ಕಿತೆಂಬುದಕ್ಕೆ ಯಾವ ಗುರುತೂ ಆಗಲಿಲ್ಲ. ಹಕ್ಕಿ ಕೂಗಲಿಲ್ಲ, ಹೂ ಉದುರಲಿಲ್ಲ. ನೀಲಮ್ಮ ಎದ್ದು ಬಂದು, "ಮಣಕಾಲು ಹಿಡದಾವ, ಕೈ ಕೊಡೋ" ಎಂದರು ಅಷ್ಟೇ. ಆದರೂ ಅಂದಾನಯ್ಯನವರಿಗೆ, ತಮ್ಮ ಹೆಂಡತಿ ಎದುರಿಗೆ ಕುಳಿತು ಹೂಂ ಎಂದಿದ್ದರೆ ಹೇಗೆ ತಿಳಿಯುತ್ತಿತ್ತೋ ಹಾಗೆಯೇ ತಿಳಿಯಿತು.

ಮನೆಯಲ್ಲಿ ಹೆಂಗಸರ ಗದ್ದಲ. ತೊಟ್ಟಿಲಿಗೆ ಹೂವಿನ ಸರ, ಗುಗ್ಗರಿಯ ಬುಟ್ಟಿ, ಜೋಗುಳ. ದುರಗವ್ವ ಎಲ್ಲರಿಗಿಂತ ಏರುದನಿಯಲ್ಲಿ ಹಾಡುತ್ತಿದ್ದಳು. ದಾವಲಸಾಬನೂ ಮೈತ್ರೇಯಿಯವರೂ ಒಂದು ಮೂಲೆಯಲ್ಲಿ ಎಲೆಯ ಮುಂದೆ ಕುಳಿತಿದ್ದರು. ಸಮಿತಿಯವರು ಬಂದು ಹೋಗಿದ್ದರು. ಯಂತ್ರದ ತಿಳಿಯದು ಎಂಬ ಉತ್ತರವನ್ನು ನೋಡಿ ಅವರಲ್ಲಿ ಅರ್ಧ ಜನ ಇದು ಸೋಲೆಂದೂ ಉಳಿದವರು ಇದೇ ಗೆಲುವೆಂದೂ ವಾದಿಸುತ್ತಲೇ ಕಾರು ಹತ್ತಿದ್ದರಂತೆ. "ಇನ್ನೂ ವಾದಾ ಮಾಡ್ಲಿಕ್ಕೆ ಹತ್ತಿರಬೇಕು" ಎಂದು ಮೈತ್ರೇಯಿ ನಕ್ಕರು.

ನೀಲಮ್ಮ ತೊಟ್ಟಿಲ ಹತ್ತಿರ ಬಂದಾಗ ಜೋಗುಳ ತಾನಾಗಿ ನಿಂತಿತು. ಹಳೆಯ ಕಥೆ ಗೊತ್ತಿಲ್ಲದವರು ಅಲ್ಲಿ ಯಾರೂ ಇರಲಿಲ್ಲ. ಅವರು ಕೂಸನ್ನು ನೋಡಿದರು. ಅದು ನಿದ್ದೆಯಲ್ಲಿ ತುಟಿ ಚೀಪುತ್ತಿತ್ತು. ಮೂಗು ನಿಜವಾಗಿಯೂ ಅವರ ತಂದೆಯದೇ. ನೀಲಮ್ಮನ ಬಾಯಿ ಒಮ್ಮೆ ಅಲ್ಲಾಡಿತು. ಆಮೇಲೆ ಅವರು ತೊಟ್ಟಿಲಿಂದ ತಿರುಗಿ, ಎಲ್ಲರ ಎದುರಿಗೆ, ವಿದ್ಯಾವತಿಯ ಮುಂದೆ ನಿಂತರು.

"ಹಡದಾಕಿ ನೀನು. ಹೆಸರೇನಂತ ಹೇಳವಾ, ಕರೀತೀನಿ."

ವಿದ್ಯಾವತಿಯ ಕಣ್ಣು ತುಂಬಿತು. "ಹಿಮಾನಿ ಅಂತ ಕರೀರಿ, ಅತ್ತಿ."

"ಏನು?"

"ಹಿಮಾನಿ."

"ಹಿಮಾನಿ" ಎಂದು ನೀಲಮ್ಮ ಅದನ್ನು ಬಿಸಿ ತುತ್ತಿನಂತೆ ಬಾಯಲ್ಲಿ ಹೊರಳಿಸಿದರು. "ನಮ್ಮ ವಂಶದಾಗ ಯಾರೂ ಕೇಳಲಾರದ್ದು. ಈ ಬಿಸಲ ನಾಡಿನ್ಯಾಗ ಹಿಮಾ ಎಲ್ಲಿ ತರೂನವಾ... ಇರ್ಲಿ, ಇರ್ಲಿ! ನಾ ಏನೂ ಅನ್ನಲಿಲ್ಲ. ಭಾಳ ಛಂದ ಹೆಸರು." ಜನ ಗೊಳ್ಳೆಂದು ನಕ್ಕರು. ಅವರು ಬಗ್ಗಿ ಕೂಸಿನ ಕಿವಿಯ ಹತ್ತಿರ ಬಾಯಿ ಇಟ್ಟು, "ಕುರ್ರ್... ಹಿಮಾನಿ" ಎಂದು ಕರೆದರು. ಮತ್ತೆ ಕರೆದರು. ಒಂದಕ್ಷರ ಹೆಚ್ಚಲಿಲ್ಲ, ಒಂದಕ್ಷರ ಕಡಿಮೆಯಾಗಲಿಲ್ಲ.

ಹೆಸರು ಕರೆದ ಸೋದರತ್ತೆಯ ಬೆನ್ನಿಗೆ ಸುತ್ತ ನಿಂತ ಹೆಂಗಸರೆಲ್ಲ ಗುದ್ದಬೇಕೆಂಬುದು ಆ ಕಡೆಯ ಪದ್ಧತಿ. ಕಾಯ್ದು ನಿಂತಿದ್ದವರಂತೆ ಎಲ್ಲರೂ 'ಧಬಧಬ' ಗುದ್ದಿದರು. ದುರಗವ್ವ ಎರಡೂ ಕೈಯಿಂದ ಗುದ್ದಿದಳು. ಮೈತ್ರೇಯಿಯವರು, "ನಂದೂ ಒಂದು" ಎಂದು ಊಟದ ನಡುವೆ ಎದ್ದು ಬಂದು ಎಡಗೈಯಿಂದಲೇ ಒಂದು ಹಾಕಿ ಹೋದರು. ನೀಲಮ್ಮ ನಗುತ್ತಲೇ ಇದ್ದರು. ಎಲ್ಲ ಮುಗಿದ ಮೇಲೂ ಅವರು ಬೆನ್ನು ನೆಟ್ಟಗೆ ಮಾಡಲಿಲ್ಲ.

"ಎದ್ದೇಳ್ರೀ ಅತ್ತಿ, ಆತು" ಎಂದಳು ವಿದ್ಯಾವತಿ.

"ಆಗಿಲ್ಲವಾ. ಬಸಲಿಂಗಿದು ಒಂದ ಬಾಕಿ ಐತಿ. ಅದನ್ನ ಯಾರು ಹಾಕತೀರಿ?"

ಗಂಡಸರು ಮಾಡುವ ಕೆಲಸ ಅದಲ್ಲ. ಆದರೂ ಅಂದಾನಯ್ಯನವರು ಎದ್ದು, ಹೆಂಗಸರ ನಡುವೆ ದಾರಿ ಮಾಡಿಕೊಂಡು ಬಂದು, ಪಂಚೆಯ ಚುಂಗು ಸೊಂಟಕ್ಕೆ ಸಿಕ್ಕಿಸಿ, ಅಕ್ಕನ ಬೆನ್ನಿಗೆ 'ಧಡ್' ಎಂದು ಒಂದು ಗುದ್ದು ಹಾಕಿದರು. ತೊಟ್ಟಿಲು ಅಲುಗಿತು. ಕೂಸು ಬೆಚ್ಚಿ ಎದ್ದು ಕಿಟಾರನೆ ಕಿರುಚಿತು.

"ಅಯ್ಯಯ್ಯ, ಸತ್ತೆ! ಆಕಿ ಇಷ್ಟ ಜೋರಾಗಿ ಹೊಡೀತಿದ್ಲೇನೋ?"

"ಇಷ್ಟ ಜೋರಾಗಿನ ಹೊಡೀತಿದ್ಲು" ಎಂದರು ಅಂದಾನಯ್ಯನವರು, ಕಣ್ಣೀರು ಒರೆಸಿಕೊಳ್ಳುತ್ತ, ನಗುತ್ತ. "ನನಗ ಗೊತ್ತೈತಿ."